ಡ್ರಮ್ಮಿನ ಆಚೆಗಿನ ಬೇಸಾಯ

ಕರ್ನಾಟಕದಲ್ಲಿ ನೈಸರ್ಗಿಕ ಕೃಷಿ ಮಾಡುವವರ ಜಮೀನಿಗೆ ಕಾಲಿಟ್ಟರೆ ಬಹಳ ಕಡೆ ಮೊದಲು ಕಣ್ಣಿಗೆ ಬೀಳುವುದು ಮರದ ನೆರಳಲ್ಲಿಟ್ಟ ಪ್ಲಾಸ್ಟಿಕ್ ಡ್ರಮ್ಮು. ಅದರ ಬಾಯಿಗೆ ಗೋಣಿತಾಟು ಮುಚ್ಚಿರುತ್ತದೆ, ಪಕ್ಕದಲ್ಲೊಂದು ಕೋಲು ಇರುತ್ತದೆ. ಒಳಗಿರುವುದು ಜೀವಾಮೃತ: 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಎರಡು ದಿನ ಕಲಕುತ್ತಾ ಬಂದರೆ ಒಂದು ಎಕರೆಗಾಗುವಷ್ಟು ಸಿದ್ಧ. ಜಮೀನು ನೋಡಲು ಬಂದವರು ಅಲ್ಲೇ ನಿಂತು ಲೆಕ್ಕ ಬರೆದುಕೊಳ್ಳುತ್ತಾರೆ, ಫೋಟೊ ತೆಗೆಯುತ್ತಾರೆ, ಊರಿಗೆ ಹೋಗಿ ತಾವೂ ಒಂದು ಡ್ರಮ್ಮು ಕೊಳ್ಳುತ್ತಾರೆ. ಎರಡು ಬೆಳೆ ಆಗುವಷ್ಟರಲ್ಲಿ ಅವರಲ್ಲಿ ಅನೇಕರು ಮತ್ತೆ ಗೊಬ್ಬರದಂಗಡಿಯ ಮುಂದೆ ನಿಂತಿರುತ್ತಾರೆ. ಹೀಗಾಗುವುದಕ್ಕೆ ಅವರ ಶ್ರದ್ಧೆಯ ಕೊರತೆ ಕಾರಣವಲ್ಲ. ಯಾವ ಜಮೀನನ್ನು ಕಂಡು ಬೆರಗಾಗಿ ಬಂದರೋ ಆ ಜಮೀನನ್ನು ನಿಜವಾಗಿ ನಡೆಸುತ್ತಿದ್ದದ್ದು ಡ್ರಮ್ಮಿನ ಹೊರಗಿತ್ತು. ಅದನ್ನು ಯಾರೂ ತೋರಿಸಲಿಲ್ಲ, ಇವರೂ ಕೇಳಲಿಲ್ಲ.

ಮೊದಲು ಸಣ್ಣದೊಂದು ಲೆಕ್ಕ. ಹಸಿ ಸಗಣಿಯಲ್ಲಿ ಸಾರಜನಕ ಶೇ. 0.5ರ ಒಳಗೇ ಇರುತ್ತದೆ. ಅಂದರೆ 10 ಕಿಲೋ ಸಗಣಿಯಲ್ಲಿ ಹೆಚ್ಚೆಂದರೆ 50 ಗ್ರಾಂ. ಗಂಜಲದ್ದು, ಹಿಟ್ಟಿನದ್ದು ಕೂಡಿಸಿದರೂ ಒಂದು ಡ್ರಮ್ಮು ಕಾಲು ಕಿಲೋ ಮುಟ್ಟುವುದು ಕಷ್ಟ. ಎಕರೆಗೆ 20 ಕ್ವಿಂಟಲ್ ಭತ್ತ ಬೆಳೆದರೆ ಕಾಳು, ಹುಲ್ಲು ಸೇರಿ ಆ ಬೆಳೆ ಎತ್ತಿಕೊಳ್ಳುವ ಸಾರಜನಕ 30 ಕಿಲೋಗೂ ಹೆಚ್ಚು. ತಿಂಗಳಿಗೊಮ್ಮೆ ಡ್ರಮ್ಮು ಬಗ್ಗಿಸಿದರೂ ಈ ಎರಡು ಸಂಖ್ಯೆಗಳು ಹತ್ತಿರ ಬರುವುದಿಲ್ಲ. ಜೀವಾಮೃತವನ್ನು ಬಳಕೆಗೆ ತಂದ ಸುಭಾಷ್ ಪಾಳೇಕರ್ ಇದನ್ನು ಗೊಬ್ಬರವೆಂದು ಕರೆದೇ ಇಲ್ಲ. ಮಣ್ಣಿನಲ್ಲಿರುವ ಜೀವಿಗಳನ್ನು ಎಬ್ಬಿಸುವ ಹೆಪ್ಪು ಅದು ಎನ್ನುವುದು ಅವರ ವಾದ. ವಾದವನ್ನು ಒಪ್ಪೋಣ. ಆದರೆ ಹೆಪ್ಪು ಹಾಕಲು ಪಾತ್ರೆಯಲ್ಲಿ ಹಾಲಿರಬೇಕಲ್ಲ? ಮಣ್ಣಿನಲ್ಲಿ ಕೊಳೆಯುವ ಎಲೆ, ಬೇರು, ಕಸಕಡ್ಡಿ ಇಲ್ಲದಿದ್ದರೆ ಎಬ್ಬಿಸಿದ ಜೀವಿಗಳು ತಿನ್ನುವುದೇನನ್ನು? ಆದ್ದರಿಂದ ನೈಸರ್ಗಿಕ ಕೃಷಿಯ ಜಮೀನಿಗೆ ಹೋದವರು ಮೊದಲು ಕೇಳಬೇಕಾದದ್ದು ಜೀವಾಮೃತಕ್ಕೆ ಏನೇನು ಹಾಕುತ್ತೀರಿ ಎಂದಲ್ಲ. ಈ ನೆಲಕ್ಕೆ ಬೀಳುವ ಸೊಪ್ಪುಸದೆ ಎಲ್ಲಿಂದ ಬರುತ್ತದೆ ಎಂದು.

ಈ ಪ್ರಶ್ನೆ ಇಟ್ಟುಕೊಂಡು ಸುತ್ತಿದರೆ ಒಂದೊಂದು ಸೀಮೆ ಒಂದೊಂದು ಉತ್ತರ ಕೊಡುತ್ತದೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳ ಹಿಂದೆ ಸೊಪ್ಪಿನ ಬೆಟ್ಟವಿದೆ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟದ ಸೌಲಭ್ಯವನ್ನು ಬ್ರಿಟಿಷರ ಕಾಲದಲ್ಲೇ ಗುರುತಿಸಲಾಗಿತ್ತು. ಮಳೆಗಾಲದ ಹಸಿ ಸೊಪ್ಪು, ಬೇಸಿಗೆಯ ದರಕು ಅಲ್ಲಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೋಟಕ್ಕೆ. ಹಾವೇರಿ, ಚಿತ್ರದುರ್ಗದ ಬಯಲಿನಲ್ಲಿ ಉತ್ತರ ಬೇರೆ: ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮಂದೆ ಹಾಕಿಸುತ್ತಾರೆ. ಕುರಿಗಾಹಿಗಳಿಗೆ ಕಾಳೋ ಹಣವೋ ಕೊಟ್ಟು ರಾತ್ರಿಗಳ ಲೆಕ್ಕದಲ್ಲಿ ಹೊಲ ಫಲವತ್ತು ಮಾಡಿಕೊಳ್ಳುವ ಒಪ್ಪಂದ ಅದು. ಕೋಲಾರ, ತುಮಕೂರಿನಲ್ಲಿ ಕೆರೆಯ ಗೋಡು ಮಣ್ಣು, ಬದುವಿನ ಹೊಂಗೆ. ನೈಸರ್ಗಿಕ ಕೃಷಿಯಲ್ಲಿ ಗೆದ್ದವರು ಎಂದು ನಾವು ಹೆಸರಿಸುವ ಬಹುತೇಕರು ಇಂಥ ಒಂದು ಮೂಲವನ್ನು ಉಳಿಸಿಕೊಂಡವರು, ಇಲ್ಲವೇ ಹತ್ತಾರು ವರ್ಷ ಮರ ಬೆಳೆಸಿ ತಾವೇ ಕಟ್ಟಿಕೊಂಡವರು. ಬೆಟ್ಟ ಬೋಳಾದ, ಕುರಿಗಾಹಿ ಬರುವುದು ನಿಂತ, ಕೆರೆ ಒತ್ತುವರಿಯಾದ ಊರಿನಲ್ಲಿ ಒಬ್ಬ ರೈತ ಡ್ರಮ್ಮೊಂದನ್ನೇ ನಂಬಿ ಸೋತರೆ ಆ ಸೋಲು ಅವನೊಬ್ಬನದಲ್ಲ.

ಈ ಬೇಸಾಯ ಹೊರಗಿನಿಂದ ಬಂದ ಹೊಸ ವಿದ್ಯೆ ಎಂದು ತಿಳಿದವರು ಮೂರು ಕಡೆಯಾದರೂ ಹೋಗಿ ಬರಬೇಕು. ಹಳೆ ಮೈಸೂರಿನ ರಾಗಿ ಹೊಲದ ಅಕ್ಕಡಿ ಸಾಲು ಮೊದಲನೆಯದು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಹರಳು, ಸಾಸಿವೆ. ಮಳೆ ಕೈಕೊಟ್ಟು ರಾಗಿ ಒಣಗಿದರೂ ತೊಗರಿ ನಿಲ್ಲುತ್ತದೆ, ಹರಳಿನ ಗಿಡ ಹುಳುವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಅವರೆಯ ಬೇರುಗಂಟು ಗಾಳಿಯ ಸಾರಜನಕವನ್ನು ನೆಲಕ್ಕಿಳಿಸುತ್ತದೆ. ಮೇಲಿನ ಲೆಕ್ಕದಲ್ಲಿ ಕಾಣೆಯಾಗಿದ್ದ ಸಾರಜನಕದ ಒಂದು ಪಾಲು ಹೀಗೆ ಬರುತ್ತದೆ. ಎರಡನೆಯದು ಹಾವೇರಿ ಭಾಗದ ಗುಳಿ ರಾಗಿ. ಉದ್ದಕ್ಕೂ ಅಡ್ಡಕ್ಕೂ ಗೀಟು ಹೊಡೆದು, ಅವು ಕೂಡುವಲ್ಲಿ ಗುಳಿ ಮಾಡಿ, ಹಿಡಿ ಗೊಬ್ಬರದ ಜೊತೆ ಸಸಿ ನೆಡುತ್ತಾರೆ. ಬೇರು ಹಿಡಿದ ಮೇಲೆ ಕೊರಡು ಹಾಯಿಸಿ ಸಸಿಗಳನ್ನು ಬಾಗಿಸುತ್ತಾರೆ. ಬಾಗಿದ ಸಸಿ ಬುಡದಿಂದ ತೆಂಡೆಯೊಡೆಯುತ್ತದೆ. ಎರಡೂ ದಿಕ್ಕಿಗೆ ಎಡೆಕುಂಟೆ ಹೊಡೆಯಬಹುದಾದ್ದರಿಂದ ಕಳೆಯ ಕೂಲಿಯೂ ಇಳಿಯುತ್ತದೆ. ಕಡಿಮೆ ಬೀಜ, ದೂರದ ಅಂತರ, ಹೆಚ್ಚು ತೆಂಡೆ ಎಂದು ಕೃಷಿ ವಿಜ್ಞಾನ ಈಚೆಗೆ ಹೇಳುತ್ತಿರುವುದನ್ನು ಅಲ್ಲಿನ ಒಕ್ಕಲು ಮಕ್ಕಳು ಬಹು ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ.

ಮೂರನೆಯದು ಕುಮಟಾ ತಾಲ್ಲೂಕಿನ ಮಾಣಿಕಟ್ಟಾ. ಅಘನಾಶಿನಿ ಸಮುದ್ರ ಸೇರುವಲ್ಲಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಮೊಳಕೆ ಬರಿಸಿದ ಬೀಜ ಚೆಲ್ಲಿದ ಮೇಲೆ ನಾಟಿಯಿಲ್ಲ, ಗೊಬ್ಬರವಿಲ್ಲ, ಔಷಧಿಯಿಲ್ಲ. ಉಪ್ಪುನೀರನ್ನೂ ನೆರೆಯನ್ನೂ ತಾಳುವ ತಳಿ ಅದು. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ಯುತ್ತಾರೆ. ನೀರಲ್ಲಿ ಉಳಿದ ಹುಲ್ಲು ಕೊಳೆತು ಮೀನು, ಸಿಗಡಿಗಳಿಗೆ ಮೇವಾಗುತ್ತದೆ. ಯಾವ ಗುರುವೂ ಕಲಿಸದ, ಯಾವ ಪ್ರಮಾಣಪತ್ರವೂ ಇಲ್ಲದ ನೈಸರ್ಗಿಕ ಕೃಷಿ ಇದು. ಕಗ್ಗದ ವಿಸ್ತೀರ್ಣ ಕುಗ್ಗುತ್ತಾ ಬಂದಿರುವುದಕ್ಕೆ ಕಾರಣ ತಳಿಯ ದೋಷವಲ್ಲ. ಉಪ್ಪುನೀರು ತಡೆಯುವ ಕಟ್ಟೆಗಳು ಒಡೆದಾಗ ಸೇರಿ ದುರಸ್ತಿ ಮಾಡುವ ಒಗ್ಗಟ್ಟು ಸಡಿಲಾಯಿತು, ಸಿಗಡಿ ಸಾಕಣೆಯ ಕಾಸು ಗಜನಿಗೆ ಕೈಚಾಚಿತು.

ಪುಸ್ತಕದ ದಾರಿಯಿಂದ ಬಂದ ಧಾರೆಯೂ ಕನ್ನಡದಲ್ಲಿ ಬಲವಾಗಿದೆ. ಜಪಾನಿನ ಶಿಕೊಕು ದ್ವೀಪದ ಮಸನೊಬು ಫುಕುವೊಕ ಯೊಕೊಹಾಮದ ಕಸ್ಟಮ್ಸ್ ಕಚೇರಿಯಲ್ಲಿ ಸಸ್ಯರೋಗ ತಜ್ಞರಾಗಿದ್ದವರು. ಆ ಕೆಲಸ ಬಿಟ್ಟು ತಂದೆಯ ಜಮೀನಿಗೆ ಮರಳಿದರು. ಉಳುಮೆ, ರಾಸಾಯನಿಕ ಗೊಬ್ಬರ, ಕಳೆ ಕೀಳುವುದು, ಕೀಟನಾಶಕ ಇವು ಯಾವುವೂ ಇಲ್ಲದೆ ಭತ್ತ, ಬಾರ್ಲಿ ಬೆಳೆದರು. ಅವರ ಪುಸ್ತಕ ಜಪಾನಿಯಲ್ಲಿ 1975ರಲ್ಲೂ ಇಂಗ್ಲಿಷಿನಲ್ಲಿ 1978ರಲ್ಲೂ ಬಂತು. ಮೂಡಿಗೆರೆಯ ಕಾಫಿ ಬೆಳೆಗಾರರೂ ಆಗಿದ್ದ ಪೂರ್ಣಚಂದ್ರ ತೇಜಸ್ವಿ ‘ಸಹಜ ಕೃಷಿ’ ಬರೆದು ಈ ವಿಚಾರವನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿದರು. ಮೇಲುಕೋಟೆಯ ಸಂತೋಷ್ ಕೌಲಗಿ ಮೂಲ ಪುಸ್ತಕವನ್ನು ‘ಒಂದು ಹುಲ್ಲಿನ ಕ್ರಾಂತಿ’ಯಾಗಿ ತಂದರು. ಓದಿ ಕೆಲಸ ಬಿಟ್ಟು ಹೊಲಕ್ಕಿಳಿದವರು ನಮ್ಮಲ್ಲಿ ಬೇಕಾದಷ್ಟು ಜನ. ಆದರೆ ಫುಕುವೊಕ ಹೇಳಿದ್ದರಲ್ಲಿ ಒಂದು ಭಾಗವನ್ನು ಬಹಳ ಮಂದಿ ದಾಟಿಹೋದರು. ಆರಂಭದಲ್ಲಿ ಅವರು ತಂದೆಯ ಕಿತ್ತಳೆ ತೋಟವನ್ನು ಸವರದೆ ಹಾಗೇ ಬಿಟ್ಟಾಗ ಕೊಂಬೆಗಳು ಹೆಣೆದುಕೊಂಡು, ಕೀಟ ಬಿದ್ದು, ನೂರಾರು ಮರಗಳು ಸತ್ತವು. ಏನೂ ಮಾಡದ ಬೇಸಾಯಕ್ಕೂ ಪಾಳು ಬಿಡುವುದಕ್ಕೂ ಇರುವ ಅಂತರವನ್ನು ಅವರು ಕಲಿತದ್ದು ಆ ನಷ್ಟದಿಂದ. ಅಲ್ಲದೆ ಅವರ ಗದ್ದೆಯ ತೇವ ನಮ್ಮ ಬಯಲುಸೀಮೆಗಿಲ್ಲ. ಆರು ತಿಂಗಳು ಹನಿ ಬೀಳದ ಕೆಂಪು ನೆಲದಲ್ಲಿ ಹರಡಿದ ಹುಲ್ಲನ್ನು ಮಣ್ಣಾಗುವ ಮುಂಚೆಯೇ ಗೆದ್ದಲು ಮುಗಿಸುತ್ತದೆ. ಕೊಳ್ಳೇಗಾಲ ತಾಲ್ಲೂಕಿನ ದೊಡ್ಡಿಂದುವಾಡಿಯಲ್ಲಿ ಎಂ.ಕೆ. ಕೈಲಾಸಮೂರ್ತಿಯವರು ಉಳದೆ ಬೆಳೆಸಿದ ತೋಟವನ್ನು ನೋಡಿದವರಿಗೆ ತಿಳಿಯುವುದೂ ಇದೇ. ಅಲ್ಲಿರುವುದು ಜಪಾನಿನ ನಕಲಲ್ಲ, ನಮ್ಮ ಬಿಸಿಲಿಗೆ ಹೊಂದಿಕೊಂಡ ಮರಗಿಡಗಳ ದಟ್ಟಣೆ.

ಇನ್ನೊಂದು ಧಾರೆ ಕಾಂಪೋಸ್ಟಿನದು. 1920ರ ದಶಕದಲ್ಲಿ ಇಂದೋರಿನಲ್ಲಿದ್ದ ಆಲ್ಬರ್ಟ್ ಹೊವಾರ್ಡ್ ನಮ್ಮ ರೈತರ ತಿಪ್ಪೆಯನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿ ರೂಪಿಸಿದ ಗೊಬ್ಬರದ ವಿಧಾನ ಲೋಕಕ್ಕೆಲ್ಲ ಹಬ್ಬಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಮರೇನಹಳ್ಳಿಯಲ್ಲಿ ಎಲ್. ನಾರಾಯಣ ರೆಡ್ಡಿಯವರು ನಡೆಸಿದ ಜಮೀನು ಎಷ್ಟೋ ಸಾವಿರ ಜನಕ್ಕೆ ಪಾಠಶಾಲೆಯಾಗಿತ್ತು. ಹೊಲದಲ್ಲಿ ಮರ ಇರಲೇಬೇಕು, ಕೊಟ್ಟಿಗೆಯಲ್ಲಿ ದನ ಇರಲೇಬೇಕು ಎಂಬುದನ್ನು 2019ರಲ್ಲಿ ತೀರಿಕೊಳ್ಳುವವರೆಗೂ ಬಿಡದೆ ಹೇಳಿದರು. ತೀರ್ಥಹಳ್ಳಿಯ ಕುರುವಳ್ಳಿ ಪುರುಷೋತ್ತಮರಾಯರು ಮಲೆನಾಡಿನಲ್ಲಿ ಸಾವಯವ ರೈತರ ಬಳಗ ಕಟ್ಟಿದರು. ಉಡುಪಿ ಸೀಮೆಯ ಚೇರ್ಕಾಡಿ ರಾಮಚಂದ್ರ ರಾವ್ ಗಾಂಧಿ ವಿಚಾರದ ಹಾದಿಯಲ್ಲಿ, ಪುಟ್ಟ ಹಿಡುವಳಿಯಲ್ಲಿ, ಮೈಮುರಿದು ದುಡಿದು ಬದುಕಿ ತೋರಿಸಿದರು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಒಂದು ತೋಟಕ್ಕೆ ಹೋಗಿ ಬಂದ ಅನುಭವ ಇನ್ನೊಂದು ಜಿಲ್ಲೆಯ ರೈತನಿಗೆ ಸಿಗುವಂತಾದದ್ದು ಅಂಥ ಬರಹಗಳಿಂದ.

ಪಾಳೇಕರ್ ಕರ್ನಾಟಕದಲ್ಲಿ ಬೇರೂರಿದ್ದು ಈ ಶತಮಾನದ ಮೊದಲ ದಶಕದಲ್ಲಿ, ಮುಖ್ಯವಾಗಿ ರೈತ ಸಂಘದ ಜಾಲದ ಮೂಲಕ. ಸಾಲದ ಸುಳಿಯಲ್ಲಿ ರೈತರು ಪ್ರಾಣ ಕಳೆದುಕೊಳ್ಳುತ್ತಿದ್ದ ಕಾಲವದು. ಅಂಗಡಿಗೆ ಕಾಸು ಕೊಡದೆ ಬೇಸಾಯ ಮಾಡಬಹುದು ಎಂಬ ಮಾತಿಗೆ ಸಾವಿರಾರು ಜನ ದಿನಗಟ್ಟಲೆ ಶಿಬಿರಗಳಲ್ಲಿ ಕುಳಿತು ಕಿವಿಗೊಟ್ಟರು. ಬನ್ನೂರಿನ ಕೃಷ್ಣಪ್ಪನವರಂಥ ಕೃಷಿಕರು ತೆಂಗು, ಬಾಳೆ, ಕಾಫಿ, ಮೆಣಸು ಎಂದು ಅಂತಸ್ತು ಅಂತಸ್ತಾಗಿ ತೋಟ ಎಬ್ಬಿಸಿ ಆ ಮಾತಿಗೆ ಸಾಕ್ಷಿಯಾದರು. ಚಾಮರಾಜನಗರದ ಹೊಂಡರಬಾಳುವಿನ ಅಮೃತಭೂಮಿ ಇವತ್ತಿಗೂ ಈ ಚಳವಳಿಯ ಒಂದು ತರಬೇತಿ ನೆಲೆ. ರೈತನಿಗೆ ನೀನು ದಡ್ಡನಲ್ಲ, ನಿನ್ನ ಕೈಯಲ್ಲೇ ಎಲ್ಲ ಇದೆ ಎಂದು ಹೇಳಿದ್ದು ಪಾಳೇಕರ್ ಮಾಡಿದ ದೊಡ್ಡ ಉಪಕಾರ ಎಂದು ನಾನು ನಂಬುತ್ತೇನೆ.

ಅದೇ ಮಾತು ಕೆಲವೊಮ್ಮೆ ಹಟವಾಯಿತು. ಎರೆಗೊಬ್ಬರ ಬೇಡ, ಕಾಂಪೋಸ್ಟ್ ಬೇಡ, ದೇಸಿ ಹಸುವಿನದಲ್ಲದ ಸಗಣಿ ಬೇಡ. ಹಾಲು ಹಾಕಿ ಸಂಸಾರ ನಡೆಸುವ ಸಣ್ಣ ರೈತನ ಕೊಟ್ಟಿಗೆಯಲ್ಲಿರುವುದು ಮಿಶ್ರತಳಿ ಹಸು. ಅದರ ಸಗಣಿ ಕೆಲಸಕ್ಕೆ ಬಾರದು ಎಂದರೆ ಅವನನ್ನು ಬಾಗಿಲಲ್ಲೇ ತಡೆದಂತೆ. ಹಳ್ಳಿಕಾರ್, ಮಲೆನಾಡು ಗಿಡ್ಡ, ದೇವಣಿ ತಳಿಗಳನ್ನು ಉಳಿಸಬೇಕು ನಿಜ. ಅದಕ್ಕೆ ಬೇರೆ ಒಳ್ಳೆಯ ಕಾರಣಗಳಿವೆ. ಎದುರು ಬಣದ ಹಟವೂ ಕಡಿಮೆಯದಲ್ಲ. 2019ರ ಕೇಂದ್ರ ಬಜೆಟ್ಟಿನಲ್ಲಿ ಪಾಳೇಕರ್ ಹೇಳುವ ಶೂನ್ಯ ಬಂಡವಾಳ ಕೃಷಿಯ ಪ್ರಸ್ತಾಪ ಬಂದಾಗ ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ವಿರೋಧಿಸಿತು. ಆಧಾರ ಕೇಳುವುದು ನ್ಯಾಯ. ಆದರೆ ಆಧಾರ ಒದಗಿಸಬೇಕಾದವರೂ ಆ ವಿಜ್ಞಾನಿಗಳೇ. ಸಂಶೋಧನಾ ಕೇಂದ್ರದ ಒಂದು ಮಡಿಯಲ್ಲಿ ಒಂದೆರಡು ಹಂಗಾಮು ಜೀವಾಮೃತ ಹೊಯ್ದು ಇಳುವರಿ ತೂಗಿದರೆ ಡ್ರಮ್ಮಿನ ಪರೀಕ್ಷೆಯಾಯಿತೇ ಹೊರತು ಇಪ್ಪತ್ತು ವರ್ಷ ಎಲೆ ಬಿದ್ದ ಜಮೀನಿನದ್ದಾಗುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿಗೆಂದೇ ಸಂಸ್ಥೆಯಿದೆ. ಅಲ್ಲಿನವರು ರೈತರ ಹಳೆಯ ಜಮೀನುಗಳಿಗೇ ಹೋಗಿ ವರ್ಷಗಟ್ಟಲೆ ಮಣ್ಣು, ನೀರು, ಖರ್ಚು, ಕೂಲಿ ಎಲ್ಲವನ್ನೂ ಅಳೆಯುವಂತಾಗಬೇಕು.

ನಿಜವಾದ ಕಷ್ಟ ಎಲ್ಲಿದೆ ಎಂದು ತಿಳಿಯಲು ಅಡಿಕೆಯಂಥ ಉದಾಹರಣೆ ಇನ್ನೊಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಲೆನಾಡು, ಕರಾವಳಿಯಲ್ಲಿ ಕೊಳೆರೋಗ ಬಂದರೆ ಫಸಲೇ ಉದುರಿಹೋಗುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಸಾವಯವ ನಿಯಮಗಳು ಬೋರ್ಡೋವನ್ನು ಮಿತಿಯೊಳಗೆ ಒಪ್ಪುತ್ತವೆ. ಆದರೆ ಮೈಲುತುತ್ತಿನಲ್ಲಿರುವ ತಾಮ್ರ ಕೊಳೆಯುವ ವಸ್ತುವಲ್ಲ, ಮಣ್ಣಿನಲ್ಲೇ ಕೂಡುತ್ತಾ ಹೋಗುತ್ತದೆ. ಎರೆಹುಳುವಿಗೂ ಶಿಲೀಂಧ್ರಗಳಿಗೂ ಅದು ಒಳ್ಳೆಯದಲ್ಲ. ಐರೋಪ್ಯ ಒಕ್ಕೂಟ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 4 ಕಿಲೋ ತಾಮ್ರಕ್ಕೆ ಮಿತಿ ಹಾಕಿದೆ. ಹಾಗಾದರೆ ಬೋರ್ಡೋ ಬಿಡಬೇಕೆ? ಬೋರ್ಡೋ ಬರುವ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿಯಿತ್ತು. ಈಗಲೂ ಕೆಲವರು ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ಅದಕ್ಕೆ ಮರ ಮರಕ್ಕೂ ಹತ್ತುವ ಕೊನೆಗೌಡರು ಬೇಕು, ಅವರೇ ಸಿಗುತ್ತಿಲ್ಲ. ಬಸಿಗಾಲುವೆ ಚೆನ್ನಾಗಿಟ್ಟು, ಉದುರಿದ ರೋಗದ ಕಾಯಿ ಆಯ್ದು ತೆಗೆದು, ಸಿಂಪಡಣೆಯನ್ನು ಒಂದಕ್ಕಿಳಿಸಿದ ಕೃಷಿಕರಿದ್ದಾರೆ. ಅವರನ್ನು ನೈಸರ್ಗಿಕ ಕೃಷಿಕರ ಪಟ್ಟಿಯಿಂದ ಹೊರಗಿಡುವ ಶುದ್ಧಾಚಾರ ನನಗೆ ಒಪ್ಪಿಗೆಯಿಲ್ಲ. ಹನ್ನೆರಡು ತಿಂಗಳು ನೆಲ ಮುಚ್ಚಿಟ್ಟು, ಕಳೆನಾಶಕ ಮುಟ್ಟದೆ, ಒಮ್ಮೆ ಮಾತ್ರ ಬೋರ್ಡೋ ಹೊಡೆದವರು ಮಣ್ಣಿಗೆ ಮಾಡಿದ ಸೇವೆ ದೊಡ್ಡದು.

ಬೀಜದ ಕಡೆ ಹೊರಳಿದರೆ ಮನಸ್ಸು ತುಂಬುತ್ತದೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಪ್ರತಿವರ್ಷ ಬಿತ್ತಿ ಉಳಿಸುತ್ತಾ, ಟಿಪ್ಪು ಕಾಲದ್ದೆನ್ನುವ ಮಾವಿನ ತೋಪನ್ನೂ ಕಾಯುತ್ತಿದ್ದಾರೆ. ಕಾಸರಗೋಡಿನ ಕನ್ನಡ ನೆಲದ ಸತ್ಯನಾರಾಯಣ ಬೇಳೇರಿಯವರಿಗೆ ವಿಶಾಲ ಗದ್ದೆಯಿಲ್ಲ. ಚೀಲಗಳಲ್ಲಿ ಬೆಳೆಸಿಯೇ 650ಕ್ಕೂ ಹೆಚ್ಚು ತಳಿ ಕಾಪಾಡಿದರು; 2024ರಲ್ಲಿ ಪದ್ಮಶ್ರೀ ಬಂತು. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ಸಿರಿಧಾನ್ಯಗಳ ಬೀಜ ಬ್ಯಾಂಕ್ ಕಟ್ಟಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ಇವರ ಜೊತೆ ನಿಂತ ಸಹಜ ಸಮೃದ್ಧ ಬಳಗ ಊರೂರಲ್ಲಿ ಬೀಜ ಮೇಳ ಮಾಡುತ್ತಾ ಬಂದಿದೆ. ರಾಸಾಯನಿಕ ಗೊಬ್ಬರಕ್ಕೆಂದೇ ಬೆಳೆಸಿದ ಗಿಡ್ಡ ತಳಿಯನ್ನು ಗೊಬ್ಬರವಿಲ್ಲದ ನೆಲದಲ್ಲಿ ಬಿತ್ತಿ ಇಳುವರಿ ಬರಲಿಲ್ಲ ಎನ್ನುವವರು ಈ ಬೀಜಪಾಲಕರ ಬಳಿ ಹೋಗದಿದ್ದರೆ ಅರ್ಧ ಉತ್ತರ ತಪ್ಪಿಹೋಗುತ್ತದೆ. ಉದ್ದ ಹುಲ್ಲಿನ ನಾಟಿ ತಳಿ ದನಕ್ಕೆ ಮೇವನ್ನೂ ನೆಲಕ್ಕೆ ಹೊದಿಕೆಯನ್ನೂ ಕೊಡುತ್ತದೆ.

ಇಷ್ಟೆಲ್ಲ ಹೇಳುವಾಗ ಹೆಚ್ಚಾಗಿ ಮರೆಯಾಗುವುದು ಹೆಂಗಸರ ಬೆನ್ನು. ಕಳೆನಾಶಕ ಬಿಟ್ಟ ಹೊಲದಲ್ಲಿ ಕಳೆ ಕೀಳುವವರು ಯಾರು? ಗಂಜಲ ಹಿಡಿದಿಡುವವರು, ಕೊಟ್ಟಿಗೆ ಬಳಿಯುವವರು, ಮಡಕೆಯಲ್ಲಿ ಬೂದಿ ಬೆರೆಸಿ ಬೀಜ ಕಾಯುವವರು ಯಾರು? ಜಮೀನು ನೋಡಲು ಬಂದವರ ಮುಂದೆ ಗಂಡಸು ಮಾತಾಡುತ್ತಾನೆ, ಹೆಂಗಸು ಒಳಗಡೆ, ಬಂದವರಿಗೆಲ್ಲ ಅಡುಗೆ ಮಾಡುತ್ತಿರುತ್ತಾಳೆ. ಶೂನ್ಯ ಬಂಡವಾಳದ ಲೆಕ್ಕದಲ್ಲಿ ಅವಳ ದಿನಗೂಲಿ ಸೇರಿರುವುದಿಲ್ಲ. ಸೇರಿಸಿದರೆ ಖರ್ಚು ಶೂನ್ಯವಾಗಿ ಉಳಿಯುವುದಿಲ್ಲ, ಉಳಿಯಬಾರದು ಕೂಡ. ಹೋದವರು ಆ ಮನೆಯ ಹೆಣ್ಣುಮಗಳ ಜೊತೆ ಕುಳಿತು, ಈ ಬೇಸಾಯಕ್ಕೆ ಬಂದ ಮೇಲೆ ನಿಮ್ಮ ಕೆಲಸ ಎಷ್ಟು ಹೆಚ್ಚಿತು ಎಂದು ಕೇಳಬೇಕು. ಔಷಧಿಯ ಖರ್ಚು, ಕಾಯಿಲೆ, ಸಾಲದ ಭಯ ತಗ್ಗಿದ್ದಕ್ಕೆ ಅವಳೇ ಸಮಾಧಾನ ಹೇಳಬಹುದು, ದಣಿವನ್ನೂ ಹೇಳಬಹುದು. ಎರಡೂ ದಾಖಲಾಗಬೇಕು.

ಜಮೀನು ಯಾರದು ಎಂಬುದೂ ಅಷ್ಟೇ ಮುಖ್ಯ. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಕಾನೂನಿನ ಪ್ರಕಾರ ಗೇಣಿ ಬಹುಮಟ್ಟಿಗೆ ಇಲ್ಲ. ಆದರೂ ಗುತ್ತಿಗೆ, ವಾರ, ಕೋರು, ಲಾವಣಿ ಎಂಬ ಹೆಸರುಗಳಲ್ಲಿ ಬಾಯಿಮಾತಿನ ಸಾಗುವಳಿ ಎಲ್ಲೆಡೆ ನಡೆದಿದೆ. ಮುಂದಿನ ವರ್ಷ ಈ ಹೊಲ ಸಿಗುವುದೋ ಇಲ್ಲವೋ ತಿಳಿಯದವನು ಬದುವಿಗೆ ಹೊಂಗೆ ನೆಡುವುದಾದರೂ ಹೇಗೆ? ಇನ್ನೊಂದು ಕಡೆ, 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳುವುದು ಸಲೀಸಾಗಿದೆ. ನಗರದ ಸಂಬಳದಿಂದ ನಡೆಯುವ ಸುಂದರ ತೋಟಗಳು ಎದ್ದಿವೆ. ಅವರ ಪ್ರೀತಿ ನಿಜವಾದದ್ದು, ಅವರಿಂದ ಕಲಿಯುವುದೂ ಇದೆ. ಆದರೆ ಜಮೀನು ಸಂಸಾರ ಸಾಕುತ್ತಿದೆಯೋ ಸಂಬಳ ಜಮೀನನ್ನು ಸಾಕುತ್ತಿದೆಯೋ ಎಂಬುದನ್ನು ಬಿಚ್ಚಿ ಹೇಳದಿದ್ದರೆ, ನೋಡಲು ಬಂದ ಎರಡೆಕರೆ ರೈತ ದಾರಿ ತಪ್ಪುತ್ತಾನೆ.

ಮಾರುಕಟ್ಟೆಯ ಕತೆ ಚಿಕ್ಕದು, ಕಹಿಯೂ ಹೌದು. ರಫ್ತಿಗೆ ನಡೆಯುವ ರಾಷ್ಟ್ರೀಯ ಸಾವಯವ ಪ್ರಮಾಣೀಕರಣ 2001ರಿಂದ ಇದೆ. ವಾರ್ಷಿಕ ಬೆಳೆಗೆ ಎರಡು ವರ್ಷ, ತೋಟದ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ. ಇಳುವರಿ ಕುಸಿಯುವುದೂ ಸಾವಯವದ ಬೆಲೆ ಸಿಗದಿರುವುದೂ ಈ ವರ್ಷಗಳಲ್ಲೇ. ಮಣ್ಣು ಇನ್ನೂ ಎದ್ದಿರುವುದಿಲ್ಲ, ಸಾಲಗಾರ ಆಗಲೇ ಎದ್ದು ಬಂದಿರುತ್ತಾನೆ. ಅಕ್ಕಪಕ್ಕದ ರೈತರೇ ಗುಂಪು ಕಟ್ಟಿ ಒಬ್ಬರ ಹೊಲವನ್ನೊಬ್ಬರು ನೋಡಿ ಖಾತ್ರಿ ಕೊಡುವ ಸಹಭಾಗಿತ್ವದ ಪದ್ಧತಿ, ಅಂದರೆ ಪಿಜಿಎಸ್, ನನಗೆ ಹೆಚ್ಚು ಹಿಡಿಸಿದೆ. ಖರ್ಚು ಕಡಿಮೆ ಎಂಬುದಷ್ಟೇ ಕಾರಣವಲ್ಲ. ಜಮೀನು ಭೇಟಿಯೇ ಅಲ್ಲಿ ಪ್ರಮಾಣದ ತಳಹದಿ; ತಪಾಸಣೆಗೆ ಬಂದ ನೆರೆಯವನು ಅವರೆ ಬೀಜ ಇಸಿದುಕೊಂಡು ಹೋಗುತ್ತಾನೆ.

ಸರ್ಕಾರಗಳ ದಾರಿ ನೇರವಾಗಿಲ್ಲ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ. ಆಮೇಲೆ ಸಾವಯವ ಗ್ರಾಮ, ಸಾವಯವ ಭಾಗ್ಯ ಎಂದು ಯೋಜನೆಗಳು ಬಂದವು, ಹೋದವು. ಒಂದು ಬೇರು ಬಿಡುವ ಮುಂಚೆ ಇನ್ನೊಂದರ ಫಲಕ ಎದ್ದಿತು. ಅವಸರದ ಅನಾಹುತವನ್ನು ಶ್ರೀಲಂಕಾ ಅನುಭವಿಸಿತು: 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿ, ಭತ್ತ, ಚಹಾ ಎರಡಕ್ಕೂ ಪೆಟ್ಟು ಬಿದ್ದ ಮೇಲೆ ಅದೇ ವರ್ಷ ನವೆಂಬರಿನಲ್ಲಿ ಹಿಂದೆ ಸರಿಯಿತು. ಸಿಕ್ಕಿಂ 2003ರಲ್ಲಿ ಹೊರಟು 2016ರಲ್ಲಿ ಪೂರ್ಣ ಸಾವಯವವೆಂದು ಘೋಷಿಸಿಕೊಂಡಿತು. ಅಷ್ಟು ಕಾಲ ಹಿಡಿಯಿತು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಅಭಿಯಾನದ ಒಟ್ಟು ವೆಚ್ಚ, ರಾಜ್ಯಗಳ ಪಾಲೂ ಸೇರಿ, 2,481 ಕೋಟಿ ರೂಪಾಯಿ. ರಸಗೊಬ್ಬರದ ಸಹಾಯಧನ 2022–23ರ ಒಂದೇ ವರ್ಷದಲ್ಲಿ 2 ಲಕ್ಷ ಕೋಟಿ ರೂಪಾಯಿ ದಾಟಿತ್ತು. 45 ಕಿಲೋ ಯೂರಿಯಾ ಚೀಲ ಮುನ್ನೂರು ರೂಪಾಯಿಯೊಳಗೆ ಸಿಗುವುದು ಆ ಹಣದಿಂದ. ಸೆಣಬು ಬಿತ್ತಿ ಮಣ್ಣಿಗೆ ಸೇರಿಸುವವನಿಗೆ, ಕುರಿ ಮಂದೆ ಹಾಕಿಸುವವನಿಗೆ, ಪರಿವರ್ತನೆಯ ಮೂರು ವರ್ಷ ತಾಳುವವನಿಗೆ ಅದರ ಒಂದು ಸಣ್ಣ ಪಾಲಾದರೂ ಸಲ್ಲಬೇಕು.

ನಮ್ಮ ಗಡಿಯಾಚೆಯೇ ಒಂದು ದೊಡ್ಡ ಪ್ರಯೋಗ ನಡೆದಿದೆ. ಆಂಧ್ರದಲ್ಲಿ 2016ರಿಂದ ರೈತು ಸಾಧಿಕಾರ ಸಂಸ್ಥೆ ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಊರೂರಿಗೆ ಈ ಬೇಸಾಯ ಒಯ್ಯುತ್ತಿದೆ. ಕಲಿಸುವವರು ಅಧಿಕಾರಿಗಳಲ್ಲ, ಸ್ವತಃ ಮಾಡಿ ನೋಡಿದ ರೈತರು, ರೈತ ಮಹಿಳೆಯರು. 2024ರಲ್ಲಿ ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಪ್ರಶಸ್ತಿಯಲ್ಲಿ ಅದಕ್ಕೂ ಪಾಲು ಬಂತು. ಅಲ್ಲೂ ಡ್ರಮ್ಮು ಇದೆ. ಆದರೆ ಅಲ್ಲಿ ನೋಡಬೇಕಾದದ್ದು ಮುಂಗಾರಿಗೆ ಮುಂಚಿನ ಒಣ ಬಿತ್ತನೆ. ಏಪ್ರಿಲ್, ಮೇ ತಿಂಗಳ ಕೆಂಡದಂಥ ನೆಲದಲ್ಲಿ ಬೂದಿ, ಮಣ್ಣು, ಬೀಜಾಮೃತ ಲೇಪಿಸಿದ ಹತ್ತಾರು ಬಗೆಯ ಕಾಳುಗಳನ್ನು ಬಿತ್ತಿ, ಮೇಲೆ ಹುಲ್ಲು ಹೊದಿಸುತ್ತಾರೆ. ಇದು ನಡೆಯುವ ಅನಂತಪುರ ನಮ್ಮ ಪಾವಗಡಕ್ಕೂ ಬಳ್ಳಾರಿಗೂ ನೆರೆಯ ಸೀಮೆ. ಮಣ್ಣು ಅದೇ, ಬರವೂ ಅದೇ. ನಮ್ಮ ಕೃಷಿ ಇಲಾಖೆ ಪ್ರವಾಸದ ಬಸ್ಸು ಹೊರಡಿಸುವುದಾದರೆ ಏಪ್ರಿಲ್‌ನಲ್ಲಿ ಅಲ್ಲಿಗೆ ಹೊರಡಿಸಲಿ, ಅರ್ಧಕ್ಕೂ ಹೆಚ್ಚು ಸೀಟು ಹೆಂಗಸರಿಗೆ ಇರಲಿ. ಮೂರು ವರ್ಷದೊಳಗೆ ಈ ಬೇಸಾಯ ಬಿಟ್ಟ ರೈತರನ್ನೂ ಹುಡುಕಿ ಕರೆದುಕೊಂಡು ಹೋಗಲಿ. ಯಾವ ಪ್ರಶ್ನೆ ಕೇಳಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ.